ಸಮುದಾಯ ಸೌರವಿದ್ಯುತ್ ಎಲ್ಲ ಮನೆಗಳಿಗೂ ತಲುಪುವಂತಹ ಕಾಯ್ದೆಯನ್ನು ರೂಪಿಸುವುದು ಹೇಗೆ?

ಬಾಡಿಗೆ ಮನೆಯಲ್ಲಿರುವವರಿಗೆ ಚಾವಣಿಯ ಮೇಲೆ ಹಕ್ಕಿಲ್ಲ. ಬಹುಮಹಡಿ ಕಟ್ಟಡಗಳಲ್ಲಿ ಒಂದೇ ಚಾವಣಿಗೆ ಹತ್ತಾರು ಮನೆಗಳವರು ಹಕ್ಕುದಾರರು. ಸ್ವಂತ ಮನೆಯಿದ್ದರೂ ಅನೇಕರ ಚಾವಣಿಯ ಮೇಲೆ ಪಕ್ಕದ ಕಟ್ಟಡದ ನೆರಳು ಬೀಳುತ್ತದೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯವು 2015ರಲ್ಲಿ ಮಾಡಿದ ಅಂದಾಜಿನಂತೆ, ಆ ದೇಶದ ಹೆಚ್ಚುಕಡಿಮೆ ಅರ್ಧದಷ್ಟು ಕುಟುಂಬಗಳಿಗೆ ತಮ್ಮ ಮನೆಯ ಮೇಲೆ ಸೌರಫಲಕ ಅಳವಡಿಸಿಕೊಳ್ಳುವ ಅವಕಾಶವೇ ಇರಲಿಲ್ಲ. ಇಂತಹ ಮನೆಗಳವರು ಬೇರೆಡೆ ಇರುವ ಸೌರ ಸ್ಥಾವರದಲ್ಲಿ ಪಾಲು ಪಡೆದು, ಅಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು ತಮ್ಮ ಬಿಲ್ಲಿಗೆ ಜಮೆ ಮಾಡಿಸಿಕೊಳ್ಳುವುದೇ ಸಮುದಾಯ ಸೌರ ವ್ಯವಸ್ಥೆ. ಆದರೆ ಮೀಟರೂ ಬಿಲ್ಲೂ ವಿತರಣಾ ಕಂಪನಿಯ ಕೈಯಲ್ಲಿರುವುದರಿಂದ, ಕಾನೂನು ಕಡ್ಡಾಯಗೊಳಿಸದ ಹೊರತು ಆ ಜಮೆ ಸಾಮಾನ್ಯವಾಗಿ ಸಿಗುವುದಿಲ್ಲ.

ಮೊದಲು ಮಾಡಬೇಕಾದ ಕೆಲಸವೆಂದರೆ ಈಗಿರುವ ವಿದ್ಯುತ್ ಕಾಯ್ದೆಯನ್ನು ಓದುವುದು. ಒಂದು ಸ್ಥಾವರದ ವಿದ್ಯುತ್ತನ್ನು ಹಲವು ಮೀಟರುಗಳಿಗೆ ಹಂಚಲು ಬೇಕಾದ ನಿಯಮ ಮಾಡುವ ಅಧಿಕಾರ ಅದರಲ್ಲಿ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಆಗಲೇ ಇದ್ದರೆ, ಹೊಸ ಮಸೂದೆಗಾಗಿ ಕಾಯುವ ಬದಲು ಆಯೋಗಕ್ಕೆ ಅರ್ಜಿ ಸಲ್ಲಿಸುವುದೇ ಹತ್ತಿರದ ದಾರಿ. ದೆಹಲಿಯಲ್ಲಿ 2019ರಲ್ಲಿ ವರ್ಚುವಲ್ ನೆಟ್ ಮೀಟರಿಂಗ್, ಅಂದರೆ ಬೇರೆಡೆಯ ಸ್ಥಾವರದ ವಿದ್ಯುತ್ತನ್ನು ಹಲವು ಗ್ರಾಹಕರ ಬಿಲ್ಲುಗಳಿಗೆ ಜಮೆ ಮಾಡುವ ಪದ್ಧತಿ, ಬಂದದ್ದು ಅಲ್ಲಿನ ವಿದ್ಯುತ್ ನಿಯಂತ್ರಣ ಆಯೋಗದ ಮಾರ್ಗಸೂಚಿಯ ಮೂಲಕ. ಉತ್ಪಾದನೆಯೂ ಬಳಕೆಯೂ ಒಂದೇ ಆವರಣದಲ್ಲಿರಬೇಕೆಂದು ಕಾಯ್ದೆಯೇ ಹೇಳುತ್ತಿದ್ದರೆ ಮಾತ್ರ ತಿದ್ದುಪಡಿ ಅನಿವಾರ್ಯ. ಗ್ರೀಸ್ ದೇಶ 2018ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ, ಇಂಧನ ಸಮುದಾಯ ಎಂಬ ಸಹಕಾರಿ ಸ್ವರೂಪದ ಸಂಸ್ಥೆಗೆ ಕಾನೂನಿನ ಮಾನ್ಯತೆ ಕೊಟ್ಟಿತು.

ಮಸೂದೆಯ ಕರಡು ಕೈಗೆ ಬಂದಾಗ ಉದ್ದೇಶಗಳ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ, ನೇರವಾಗಿ ಜಮೆಯ ದರ ನಿಗದಿಪಡಿಸುವ ಕಲಮಿಗೆ ಹೋಗಿ. ಇಡೀ ಯೋಜನೆಯ ಹಣೆಬರಹ ಅಲ್ಲಿರುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ತಿಂಗಳಿಗೆ 200 ಯೂನಿಟ್ ಬಳಸುವ ಒಂದು ಮನೆ ಸ್ಥಾವರದಲ್ಲಿ 2 ಕಿಲೋವ್ಯಾಟ್ ಪಾಲು ಪಡೆದಿದೆ ಎಂದುಕೊಳ್ಳೋಣ. ಕಿಲೋವ್ಯಾಟ್ ಒಂದಕ್ಕೆ ದಿನಕ್ಕೆ 4 ಯೂನಿಟ್ ಬಂದರೆ ತಿಂಗಳಿಗೆ 240 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಯೂನಿಟ್ ಎಂದು ಜಮೆಯಾದರೆ ಬಳಕೆಯ ಶುಲ್ಕ ಪೂರ್ತಿ ಕಳೆದು, 40 ಯೂನಿಟ್ ಮುಂದಿನ ತಿಂಗಳಿಗೆ ಉಳಿಯುತ್ತದೆ. ಆದರೆ ಕರಡಿನಲ್ಲಿ "ಕಂಪನಿಯ ಸರಾಸರಿ ಖರೀದಿ ದರದಲ್ಲಿ" (ಕಂಪನಿ ತಾನು ವಿದ್ಯುತ್ ಕೊಳ್ಳುವ ಬೆಲೆಯಲ್ಲಿ) ಎಂಬ ಮಾತು ಸೇರಿಕೊಂಡು, ಆ ದರ ಗ್ರಾಹಕರ ದರದ ಶೇ. 40ರಷ್ಟು ಮಾತ್ರ ಇದ್ದರೆ, ಅದೇ 240 ಯೂನಿಟ್ಟಿಗೆ ಸಿಗುವುದು 96 ಯೂನಿಟ್ಟುಗಳ ಬೆಲೆಯಷ್ಟೇ. ಪಾಲಿನ ಶುಲ್ಕವನ್ನು 240 ಯೂನಿಟ್ಟಿಗೂ ಕಟ್ಟಿದ ಆ ಕುಟುಂಬಕ್ಕೆ ಉಳಿತಾಯವಿರಲಿ, ನಷ್ಟವೇ ಆಗಬಹುದು. ಆದ್ದರಿಂದ ದರವನ್ನು, ಉಳಿದ ಯೂನಿಟ್ಟುಗಳು ಎಷ್ಟು ತಿಂಗಳು ಮುಂದುವರಿಯುತ್ತವೆ ಎಂಬುದನ್ನು, ಮನೆ ಬದಲಿಸಿದಾಗ ಪಾಲು ಹೊಸ ಮೀಟರಿಗೆ ವರ್ಗವಾಗುತ್ತದೆಯೇ ಎಂಬುದನ್ನು ಕಾಯ್ದೆಯಲ್ಲೇ ಬರೆಸಬೇಕು. ಬಾಡಿಗೆದಾರರಿಗೆ ಈ ಕೊನೆಯ ಅಂಶ ಬಹಳ ಮುಖ್ಯ.

ಎರಡು ಬಿಲ್ಲುಗಳ ತೊಡಕನ್ನೂ ಇಲ್ಲೇ ಬಗೆಹರಿಸಬಹುದು. ಸ್ಥಾವರದವರಿಗೆ ಒಂದು, ವಿತರಣಾ ಕಂಪನಿಗೆ ಇನ್ನೊಂದು ಎಂದು ಪಾವತಿಸಬೇಕಾದಾಗ ತಮಗೆ ಉಳಿದದ್ದೆಷ್ಟು ಎಂಬುದು ಜನರಿಗೆ ತಿಳಿಯುವುದೇ ಇಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಪಾಲಿನ ಶುಲ್ಕವನ್ನು ಜಮೆಯಿಂದಲೇ ಕಳೆದು, ಉಳಿದ ಲಾಭವನ್ನು ವಿತರಣಾ ಕಂಪನಿಯ ಬಿಲ್ಲಿನಲ್ಲೇ ತೋರಿಸುವ ಪದ್ಧತಿಗೆ ಅವಕಾಶವಿದೆ.

ಇನ್ನು ಕಡಿಮೆ ಆದಾಯದವರಿಗೆ ಪಾಲು ಮೀಸಲಿಡುವ ವಿಷಯ. ಈ ಬಗೆಯ ಕಾಯ್ದೆಯನ್ನು ಮೊದಲಿಗೇ ತಂದ ಅಮೆರಿಕದ ರಾಜ್ಯಗಳಲ್ಲಿ ಒಂದಾದ ಕೊಲರಾಡೊ, 2010ರಲ್ಲಿ ಪ್ರತಿ ಸಮುದಾಯ ಸೌರ ಸ್ಥಾವರಕ್ಕೂ ಕನಿಷ್ಠ 10 ಮಂದಿ ಪಾಲುದಾರರು ಇರಬೇಕೆಂದು ವಿಧಿಸಿತು. ಕಡಿಮೆ ಆದಾಯದವರಿಗೆ ಇಟ್ಟದ್ದು ಶೇ. 5 ಮಾತ್ರ. ಮಿನ್ನೆಸೋಟದ 2013ರ ಕಾಯ್ದೆಯಡಿ ಸ್ಥಾವರಗಳು ಭರದಿಂದ ಬೆಳೆದವು, ಆದರೆ ಸಾಮರ್ಥ್ಯದ ಬಹುಪಾಲು ವ್ಯಾಪಾರಿ ಮತ್ತು ಸಾರ್ವಜನಿಕ ಸಂಸ್ಥೆಗಳ ಪಾಲಾಯಿತು. ಅದನ್ನು ಸರಿಪಡಿಸಲು ಆ ರಾಜ್ಯ 2023ರಲ್ಲಿ ಕಾಯ್ದೆಯನ್ನೇ ತಿದ್ದಬೇಕಾಯಿತು. ಅದೇ ವರ್ಷ ನ್ಯೂಜೆರ್ಸಿ ತನ್ನ ಶಾಶ್ವತ ಸಮುದಾಯ ಸೌರ ಯೋಜನೆಯಲ್ಲಿ ಪ್ರತಿ ಸ್ಥಾವರದ ಸಾಮರ್ಥ್ಯದ ಶೇ. 51ರಷ್ಟನ್ನು ಕಡಿಮೆ ಮತ್ತು ಮಧ್ಯಮ ಆದಾಯದ ಪಾಲುದಾರರಿಗೆ ಮೀಸಲಿಟ್ಟಿತು. ಮೀಸಲನ್ನು ಪಾಲುದಾರರ ಸಂಖ್ಯೆಯ ಮೇಲೆ ಅಳೆಯದೆ ಸಾಮರ್ಥ್ಯದ ಮೇಲೆ ಅಳೆಯುವಂತೆ ನೋಡಿಕೊಳ್ಳಿ. ಇಲ್ಲವಾದರೆ ನೂರು ಮನೆಗಳಿಗೆ ಚೂರುಪಾರು ಕೊಟ್ಟು ಉಳಿದದ್ದನ್ನೆಲ್ಲ ಒಬ್ಬ ದೊಡ್ಡ ಗ್ರಾಹಕರಿಗೆ ಮಾರಿದರೂ ಲೆಕ್ಕ ಸರಿಹೊಂದಿಬಿಡುತ್ತದೆ. ಆದಾಯ ಸಾಬೀತುಪಡಿಸಲು ಸ್ವಯಂ ಘೋಷಣೆ ಸಾಕಾಗಬೇಕು. ಸಾಲ ಮರುಪಾವತಿಯ ಇತಿಹಾಸ ನೋಡಿ ಪಾಲು ನಿರಾಕರಿಸುವುದನ್ನೂ, ಬಿಟ್ಟು ಹೋಗುವವರಿಗೆ ದಂಡ ಹಾಕುವುದನ್ನೂ ಕಾಯ್ದೆ ನಿಷೇಧಿಸಬೇಕು. ಬಡ ಕುಟುಂಬಗಳನ್ನು ಬಾಗಿಲಲ್ಲೇ ತಡೆಯುವುದು ಇಂತಹ ಸಣ್ಣ ಷರತ್ತುಗಳೇ.

ಸ್ಥಾವರದ ಗಾತ್ರ, ಮನೆಯಿಂದ ಇರಬೇಕಾದ ದೂರ, ಒಟ್ಟು ಮಿತಿ ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ಥಾವರವು ಪಾಲುದಾರರ ಕೌಂಟಿಯಲ್ಲೋ (ನಮ್ಮ ಜಿಲ್ಲೆಯಂತಹ ಆಡಳಿತ ಘಟಕ) ಪಕ್ಕದ ಕೌಂಟಿಯಲ್ಲೋ ಇರಬೇಕೆಂಬ ನಿರ್ಬಂಧವನ್ನು ಕೊಲರಾಡೊ 2019ರಲ್ಲಿ ತೆಗೆದುಹಾಕಿತು ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಸದನ ಸಮಿತಿಯ ವಿಚಾರಣೆಯಲ್ಲಿ ವಿತರಣಾ ಕಂಪನಿಗಳು ಸಾಮಾನ್ಯವಾಗಿ ಎತ್ತುವ ಆಕ್ಷೇಪವೆಂದರೆ, ಪಾಲುದಾರರು ತಂತಿ, ಕಂಬ, ಟ್ರಾನ್ಸ್‌ಫಾರ್ಮರುಗಳ ವೆಚ್ಚದಿಂದ ತಪ್ಪಿಸಿಕೊಂಡು ಆ ಹೊರೆಯನ್ನು ಉಳಿದ ಗ್ರಾಹಕರ ಮೇಲೆ ಹಾಕುತ್ತಾರೆ ಎಂಬುದು. ಅದನ್ನು ತಳ್ಳಿಹಾಕಬಾರದು; ಪಾಲುದಾರರಲ್ಲದ ಬಡವರೂ ಆ ಉಳಿದ ಗ್ರಾಹಕರಲ್ಲಿ ಇದ್ದಾರೆ. ಜಾಲದ ಬಳಕೆಗೆ ನ್ಯಾಯವಾದ ಶುಲ್ಕವನ್ನು ಆಯೋಗವು ಬಹಿರಂಗ ಲೆಕ್ಕಾಚಾರದ ಮೇಲೆ ನಿಗದಿಪಡಿಸಲಿ, ಆ ಲೆಕ್ಕದಲ್ಲಿ ಸೌರವಿದ್ಯುತ್ತಿನಿಂದ ಜಾಲಕ್ಕೆ ಆಗುವ ಪ್ರಯೋಜನವೂ ಸೇರಲಿ ಎಂದು ಒತ್ತಾಯಿಸಿ. ವಿಚಾರಣೆಗೆ ಹೋಗುವಾಗ ಬಾಡಿಗೆದಾರರೊಬ್ಬರ ಬಿಲ್ಲನ್ನು ಹೆಸರು, ವಿಳಾಸ ಮರೆಮಾಡಿ ತೆಗೆದುಕೊಂಡು ಹೋಗಿ, ಕರಡಿನ ದರದಲ್ಲಿ ಆ ಬಿಲ್ಲು ಎಷ್ಟಾಗುತ್ತದೆ ಎಂಬುದನ್ನು ಒಂದೇ ಹಾಳೆಯಲ್ಲಿ ಶಾಸಕರ ಮುಂದಿಡಿ.

ಮಸೂದೆ ಅಂಗೀಕಾರವಾದ ಮೇಲೂ ಕೆಲಸ ಬಾಕಿ ಇರುತ್ತದೆ. ನಿಯಮಗಳನ್ನು ಇಂತಿಷ್ಟು ತಿಂಗಳೊಳಗೆ ಹೊರಡಿಸಬೇಕು, ಗ್ರಿಡ್ ಸಂಪರ್ಕದ ಅರ್ಜಿಗೆ ಇಂತಿಷ್ಟು ದಿನಗಳೊಳಗೆ ಉತ್ತರಿಸಬೇಕು ಎಂಬ ಗಡುವು ಕಾಯ್ದೆಯಲ್ಲಿ ಇಲ್ಲದಿದ್ದರೆ ಯೋಜನೆಗಳು ವರ್ಷಗಟ್ಟಲೆ ಸಾಲಿನಲ್ಲಿ ನಿಂತುಬಿಡುತ್ತವೆ. ಕರಡು ನಿಯಮಗಳಿಗೆ ಆಕ್ಷೇಪಣೆ ಸಲ್ಲಿಸುವ ದಿನಾಂಕವನ್ನು ತಪ್ಪಿಸಿಕೊಳ್ಳಬೇಡಿ. ವಾರ್ಷಿಕ ವರದಿಯಲ್ಲಿ ಮೆಗಾವ್ಯಾಟ್ ಲೆಕ್ಕದ ಜೊತೆಗೆ, ಬಾಡಿಗೆದಾರರ ಮತ್ತು ಕಡಿಮೆ ಆದಾಯದ ಎಷ್ಟು ಮನೆಗಳಿಗೆ ಪಾಲು ಸಿಕ್ಕಿದೆ, ಪ್ರತಿ ಮನೆಗೆ ಸರಾಸರಿ ಎಷ್ಟು ಉಳಿದಿದೆ, ಎಷ್ಟು ಅರ್ಜಿಗಳು ಯಾವ ಕಾರಣಕ್ಕೆ ತಿರಸ್ಕೃತವಾಗಿವೆ ಎಂಬುದನ್ನೂ ಪ್ರಕಟಿಸುವಂತೆ ಆ ನಿಯಮಗಳಲ್ಲೇ ಬರೆಸಿ.