ಕುಸಿ: ಎಲ್ಲಿ ಬಳಸಬೇಕು, ಎಲ್ಲಿ ಬೇಡ

ಗೋಡೆ ‘ಬಿತ್ತು’ ಅನ್ನಬಹುದು, ‘ಕುಸಿಯಿತು’ ಅಂತಲೂ ಅನ್ನಬಹುದು. ಆದರೆ ಎರಡೂ ಒಂದೇ ಅಲ್ಲ. ಯಾವ ಕಡೆಗೆ ವಾಲಿದರೂ ಬೀಳುವುದೇ. ಕುಸಿಯುವುದು ಅಂದರೆ ಆಧಾರ ಸೋತು, ತನ್ನ ಭಾರ ತಾನೇ ತಡೆಯಲಾಗದೆ, ಇದ್ದಲ್ಲೇ ಒಳಕ್ಕೋ ಕೆಳಕ್ಕೋ ಇಳಿದುಹೋಗುವುದು. ಬರೆಯುವ ಮೊದಲು ದಿಕ್ಕು ನೋಡಿ. ಗಾಳಿಗೆ ಬುಡಸಮೇತ ಕಿತ್ತು ಬಂದ ತೆಂಗಿನಮರ ಉರುಳಿತು. ಮಳೆಯಲ್ಲಿ ನೆನೆನೆನೆದು ಬುಡ ಮೆತ್ತಗಾದ ಮಣ್ಣಿನ ಗೋಡೆ ಕುಸಿಯಿತು.

2018ರಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಆದದ್ದನ್ನು ಅನೇಕರು ‘ಗುಡ್ಡ ಕುಸಿತ’ ಅಂತ ಬರೆದರು. ಅದು ತಪ್ಪಲ್ಲ. ಆದರೆ ಕರಾವಳಿಯವರು ‘ಗುಡ್ಡ ಜರಿಯಿತು’ ಅನ್ನುತ್ತಾರೆ, ಇಳಿಜಾರಿನಲ್ಲಿ ಮಣ್ಣು ಜಾರಿ ಬಂದದ್ದು ಆ ಮಾತಲ್ಲಿ ಕಣ್ಣಿಗೆ ಕಟ್ಟುತ್ತದೆ. ನನಗೆ ಅದೇ ಜಾಸ್ತಿ ಇಷ್ಟ.

ಜನ ಎಡವುವುದು ವ್ಯಾಕರಣದಲ್ಲಿ. ಕುಸಿಯುವುದು ತಾನಾಗಿ ಆಗುವ ಕೆಲಸ, ‘ಕಟ್ಟಡವನ್ನು ಕುಸಿದರು’ ಅನ್ನುವಂತಿಲ್ಲ. 2022ರ ಆಗಸ್ಟ್ 28ರಂದು ನೋಯ್ಡಾದ ಅವಳಿ ಗೋಪುರಗಳ ಕಂಬಗಳಿಗೆ ಸ್ಫೋಟಕ ತುಂಬಿ ಸಿಡಿಸಿದರಲ್ಲ, ಅಲ್ಲಿ ಗೋಪುರ ಕೆಡವಿದ್ದು ಮನುಷ್ಯರು, ಕುಸಿದದ್ದು ಗೋಪುರಗಳು.

ಇನ್ನೊಂದು ಕಷ್ಟದ ಜಾಗ ಇದೆ. 2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಐವರನ್ನು ಹೊತ್ತು ಸಮುದ್ರಕ್ಕಿಳಿದ ಟೈಟನ್ ಎಂಬ ಪುಟ್ಟ ಜಲಾಂತರ್ಗಾಮಿ ‘ಸ್ಫೋಟಗೊಂಡಿತು’ ಅಂತ ಬರೆದರೆ ದಿಕ್ಕೇ ಉಲ್ಟಾ ಆಗುತ್ತದೆ. ಸ್ಫೋಟ ಅಂದರೆ ಒಳಗಿಂದ ಹೊರಕ್ಕೆ ಸಿಡಿಯುವುದು ಅಲ್ವಾ? ಅಲ್ಲಿ ಆದದ್ದು ಹೊರಗಿನ ನೀರು ಸುತ್ತಲಿಂದ ಅದುಮಿದ್ದು. ಸುಮ್ನೆ ‘ಕುಸಿಯಿತು’ ಅಂದರೂ ಸಾಲದು, ತಳಕ್ಕೆ ಇಳಿಯಿತು ಅನ್ನಿಸಿಬಿಡುತ್ತದೆ. ‘ನೀರಿನ ಒತ್ತಡಕ್ಕೆ ಅಪ್ಪಚ್ಚಿಯಾಯಿತು’ ಅನ್ನಿ, ಮಕ್ಕಳಿಗೂ ಅರ್ಥವಾಗುತ್ತದೆ. ಹೀಗೆ ಒಳಮುಖವಾಗಿ ನುಚ್ಚುನೂರಾಗುವುದಕ್ಕೆ ‘ಅಂತಃಸ್ಫೋಟ’ ಅನ್ನುವ ಪದವೂ ಇದೆ, ಅದು ವಿಜ್ಞಾನದ ಪಾಠಕ್ಕೆ ಇರಲಿ.

ಮನುಷ್ಯರ ವಿಷಯದಲ್ಲಿ ಕುಸಿಯುವುದು ಥಟ್ಟನೆ ಆಗುವಂಥದ್ದು. ಸಾವಿನ ಸುದ್ದಿ ಕೇಳಿ ಬಾಗಿಲಲ್ಲೇ ಕುಸಿದು ಕುಳಿತಳು. ವರ್ಷಗಟ್ಟಲೆ ಸಾಲ, ಕಾಯಿಲೆ ಅಂತ ಒಳಗೊಳಗೇ ಸೊರಗಿದವನು ಕುಗ್ಗಿದ. ಇವೆರಡನ್ನು ದಯವಿಟ್ಟು ಅದಲುಬದಲು ಮಾಡಬೇಡಿ, ಇಬ್ಬರ ನೋವೂ ಬೇರೆ ಬೇರೆ.

ಬೆಲೆಗೂ ಲೆಕ್ಕ ಹಾಗೇ. ಟೊಮೆಟೊ ಕಿಲೋಗೆ ಎರಡು ರೂಪಾಯಿ ಕಮ್ಮಿಯಾದರೆ ಬೆಲೆ ಇಳಿಯಿತು, ಅಷ್ಟೆ. ಕೊಯ್ಲಿನ ಕೂಲಿಯೂ ಗಿಟ್ಟದೆ ರೈತ ಹಣ್ಣನ್ನು ರಸ್ತೆಗೆ ಸುರಿದ ದಿನ ‘ಬೆಲೆ ಕುಸಿಯಿತು’ ಅಂತ ಬರೆಯಿರಿ.