ಬಣ್ಣಬಣ್ಣದ ಟೈಲ್ಸ್: ಗೋಡೆಗಿಂತ ಮೊದಲು ನೆಲದ ಮೇಲೆ ಜೋಡಿಸಿ

ಅಡುಗೆಮನೆ ಗೋಡೆಗೆ ನಾಲ್ಕು ಬಣ್ಣದ ಟೈಲ್ಸ್ ತಂದುಕೊಟ್ಟು, 'ಹೆಂಗಾದ್ರೂ ಹಾಕಿ ಮೇಸ್ತ್ರಿ, ಮಿಕ್ಸ್ ಇರ್ಲಿ ಅಷ್ಟೇ' ಎಂದು ಮನೆಯವರು ಕೆಲಸಕ್ಕೆ ಹೋಗಿಬಿಡುತ್ತಾರೆ. ಸಂಜೆ ಬಂದು ನೋಡಿದರೆ ಒಲೆಯ ಹಿಂದೆ ನೀಲಿಯೆಲ್ಲ ಗುಂಪು ಕಟ್ಟಿರುತ್ತದೆ, ಸಿಂಕಿನ ಹತ್ತಿರ ಬರೀ ಬಿಳಿ. ಕೈಗೆ ಸಿಕ್ಕಿದ್ದನ್ನು ಹಾಕುತ್ತಾ ಹೋದರೆ ಹೀಗೇ ಆಗುವುದು.

ಮೊದಲು ಲೆಕ್ಕ. 8 ಅಡಿ ಉದ್ದ, 2 ಅಡಿ ಎತ್ತರಕ್ಕೆ 4 ಇಂಚಿನ ಚೌಕ ಟೈಲ್ಸ್ 144 ಬೇಕು. ಒಡೆಯುತ್ತವೆ, ಕತ್ತರಿಸಬೇಕಾಗುತ್ತದೆ, 160 ತನ್ನಿ. ಎಲ್ಲ ಬಣ್ಣ ಸಮಸಮ ಬೇಡ. ಗೋಡೆಗೆ 72 ಬಿಳಿ, 36 ತಿಳಿನೀಲಿ, 24 ಹಸಿರು, 12 ಸಾಸಿವೆ ಹಳದಿ ಸಾಕು. ಅಂಗಡಿಯಲ್ಲೇ ಬೇರೆ ಬೇರೆ ಬಣ್ಣದವನ್ನು ಅಕ್ಕಪಕ್ಕ ಇಟ್ಟು ದಪ್ಪ, ಅಳತೆ ನೋಡಿ. ಸೆಕೆಂಡ್ಸ್ ಮಾಲು, ಅಂದರೆ ದೋಷವಿದ್ದು ಬೇರೆ ತೆಗೆದಿಟ್ಟದ್ದು, ಅಗ್ಗ ಅಂತ ತರಲೇಬೇಡಿ, ಒಂದರ ಅಳತೆ ಇನ್ನೊಂದಕ್ಕೆ ಕೂಡುವುದಿಲ್ಲ.

ಈಗ ಅಸಲಿ ಕೆಲಸ. ನೆಲದ ಮೇಲೆ ಗೋಡೆಯ ಅಳತೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ನಿಮ್ಮ ಕಾಲಿನ ಕಡೆಯದು ಕೆಳಸಾಲು. ಕಮ್ಮಿ ಇರುವ ಹಳದಿ ಮೊದಲು ಹರಡಿ, ಆದರೆ ಸಮ ಅಂತರದಲ್ಲಲ್ಲ, ಹಾಗೆ ಇಟ್ಟರೆ ಅದೇ ಒಂದು ಡಿಸೈನ್ ಆಗಿಬಿಡುತ್ತದೆ. ಆಮೇಲೆ ಹಸಿರು, ನೀಲಿ. ಕೊನೆಗೆ ಖಾಲಿ ಉಳಿದ ಕಡೆಗೆಲ್ಲ ಬಿಳಿ. ಹಳದಿಗೆ ಹಳದಿ, ಹಸಿರಿಗೆ ಹಸಿರು ತಾಗಬಾರದು. ನೀಲಿ ಎರಡು ತಾಗಿದರೆ ಪರವಾಗಿಲ್ಲ, ಮೂರು ಬೇಡ. ಓರೆಯಾಗಿ ಮೂರು ಒಂದೇ ಬಣ್ಣ ಬಂದರೂ ಕಣ್ಣು ಅದನ್ನು ಗೆರೆ ಅಂತಲೇ ಹಿಡಿಯುತ್ತದೆ. ಬಿಳಿಗೆ ಮಾತ್ರ ಈ ನಿಯಮ ಇಲ್ಲ. ಅರ್ಧ ಬಿಳಿಯೇ ಇರುವಾಗ ಅದನ್ನೂ ತಾಗದಂತೆ ಇಟ್ಟರೆ ಗೋಡೆ ಚದುರಂಗದ ಮಣೆ ಆಗುತ್ತದೆ, ಅಲ್ವಾ? ಸ್ವಿಚ್‌ಬೋರ್ಡ್ ಬರುವ ಕಡೆ ಹಳದಿ ಇಡಬೇಡಿ, ಕತ್ತರಿಸಿ ಸುಮ್ನೆ ಹಾಳು.

ಸ್ಟೂಲ್ ಹತ್ತಿ ಫೋಟೊ ತೆಗೆದು ಫೋನಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡಿ. ಕಡುಬಣ್ಣ ಎಲ್ಲಿ ಜಾಸ್ತಿ ಸೇರಿದೆ ಅಂತ ಥಟ್ಟನೆ ಗೊತ್ತಾಗುತ್ತದೆ, ಅಲ್ಲಿಯದನ್ನು ಅದಲುಬದಲು ಮಾಡಿ. ಒಪ್ಪಿಗೆಯಾದ ಮೇಲೆ ಪ್ರತಿ ಟೈಲ್ಸ್ ಹಿಂದೆ ಪೆನ್ಸಿಲ್‌ನಲ್ಲಿ ಸಾಲು, ನಂಬರ್ ಬರೆದು ಸಾಲುಸಾಲಾಗಿ ಪೇರಿಸಿ. ನಂಬರ್ ಬರೆಯದಿದ್ದರೆ ಜೋಡಿಸಿದ್ದೆಲ್ಲ ದಂಡ.

ಹಾಕುವುದು ಮಾಮೂಲಿ ಕೆಲಸ: ರಸಮಟ್ಟ, ಹಲ್ಲಿರುವ ಕರಣೆಯಲ್ಲಿ ಟೈಲ್ಸ್ ಅಂಟಿಸುವ ಅಡೆಸಿವ್, ಸಂದಿ ಸಮ ಇರಲು ನಡುವೆ 2 ಮಿ.ಮೀ. ಸ್ಪೇಸರ್. ನೀವು ಪಕ್ಕದಲ್ಲೇ ನಿಂತು ನಂಬರ್ ನೋಡಿ ಕೈಗೆ ಕೊಡಿ. ಹಿಂದೆ ನಾಲ್ಕು ಉಂಡೆ ಸಿಮೆಂಟ್ ಇಟ್ಟು ಒತ್ತುವ ಅಡ್ಡದಾರಿ ಬೇಡ, ಒಳಗೆ ಟೊಳ್ಳು ಉಳಿಯುತ್ತದೆ. ಗಟ್ಟಿಯಾದ ಅಡೆಸಿವ್‌ಗೆ ಮತ್ತೆ ನೀರು ಹಾಕಿ ಕಲಸಲು ಬಿಡಬೇಡಿ, ಎಸೆಯಿರಿ.

ಮರುದಿನ ಗ್ರೌಟ್, ಅಂದರೆ ಟೈಲ್ಸ್ ನಡುವಿನ ಸಂದಿ ತುಂಬುವುದು. ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ಅರಿಶಿನ, ಎಣ್ಣೆ ಹೀರಿಕೊಂಡು ಬೇಗ ಗಲೀಜಾಗುತ್ತದೆ. ತಿಳಿ ಬೂದು ಬಣ್ಣದ ಗ್ರೌಟೇ ಒಳ್ಳೆಯದು, ಒಲೆಯ ಹಿಂದೆ ಎಪಾಕ್ಸಿ, ಅಂದರೆ ಕಲೆ ಹೀರದ ರಾಳದ ಗ್ರೌಟ್. ಎಪಾಕ್ಸಿಯನ್ನು ಆಗಿಂದಾಗಲೇ ಒರೆಸಿ, ಒಣಗಿದರೆ ಬಿಡಿಸುವುದು ಕಷ್ಟ. ಉಳಿದ ಟೈಲ್ಸ್ ಅಟ್ಟಕ್ಕೆ ಹಾಕಿಡಿ, ಮುಂದೆ ಪೈಪ್ ರಿಪೇರಿಗೆ ಗೋಡೆ ಒಡೆದಾಗ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದು ಕಷ್ಟ.