ಡಿಎಂಐಡಿಕೋಡ್ ಕೈಕೊಟ್ಟ ಮೇಲೆ ರಾಸ್ಪ್‌ಬೆರಿ ಪೈಗಳ ಪಟ್ಟಿ ಮಾಡಿದ್ದು: ನನ್ನ ಅನುಭವ

ಒಂದು ತರಬೇತಿ ಕೇಂದ್ರದ ಲ್ಯಾಬಿನಲ್ಲಿದ್ದ ನಲವತ್ತರ ಆಸುಪಾಸು ರಾಸ್ಪ್‌ಬೆರಿ ಪೈ (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) ಬೋರ್ಡ್‌ಗಳ ಪ್ರೊಸೆಸರ್, ಮೆಮೊರಿ ಹಾಗೂ ರಿವಿಷನ್ (ವಿನ್ಯಾಸದ ಆವೃತ್ತಿ) ವಿವರಗಳನ್ನು ಒಂದೂ ಕೇಸು ಬಿಚ್ಚದೆ ಪಟ್ಟಿ ಮಾಡಿಕೊಡುತ್ತೇನೆಂದು ನಾನು ಒಪ್ಪಿಕೊಂಡಾಗ, ಜೊತೆಯವರು ಅದು ಆಗದ ಕೆಲಸ ಎಂದರು. ಅವರ ಅನುಮಾನಕ್ಕೆ ಕಾರಣವೂ ಇತ್ತು. ಯಂತ್ರದ ವಿವರ ಹೇಳುವ ಲಿನಕ್ಸ್ ಕಮಾಂಡ್ ಡಿಎಂಐಡಿಕೋಡ್ ಓಡಿಸಿದರೆ, ಎಸ್‌ಎಂಬಯಾಸ್ (ಪಿಸಿಯ ಫರ್ಮ್‌ವೇರ್ ಇಟ್ಟಿರುವ ಹಾರ್ಡ್‌ವೇರ್ ವಿವರಗಳ ಕೋಷ್ಟಕ) ಸಿಗಲಿಲ್ಲವೆಂದು ಒಂದು ಸಾಲು ಹೇಳಿ ಸುಮ್ಮನಾಗುತ್ತಿತ್ತು. ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನಿದೆ ಎಂದು ಲಿನಕ್ಸ್‌ಗೆ ತಿಳಿಸುವ ವಿವರಪಟ್ಟಿ) ನಂಬಿ ಬೂಟ್ ಆಗುವ ಈ ಬೋರ್ಡ್‌ಗಳಲ್ಲಿ ಆ ಕೋಷ್ಟಕವೇ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ಸಿಪಿಯುಇನ್ಫೊ, ಅಂದರೆ ಕರ್ನಲ್ (ಲಿನಕ್ಸಿನ ತಿರುಳು) ಪ್ರೊಸೆಸರ್ ವಿವರ ತೋರಿಸುವ ಫೈಲ್. ಹಳೆಯ ಕರ್ನಲ್‌ಗಳಲ್ಲಿ ಬೋರ್ಡ್ ಪೈ 3 ಇರಲಿ, 4 ಇರಲಿ, ಹಾರ್ಡ್‌ವೇರ್ ಸಾಲಿನಲ್ಲಿ ಬಿಸಿಎಂ2835 ಎಂಬ ಚಿಪ್ಪಿನ ಹೆಸರೇ ಬರುತ್ತಿತ್ತು. ಪೈ 4ರಲ್ಲಿ ನಿಜವಾಗಿ ಇರುವುದು ಬಿಸಿಎಂ2711.

ನಾನು ಟೂಲ್‌ಗಳನ್ನು ಬದಿಗಿಟ್ಟು ಕರ್ನಲ್ ಬರೆದಿಟ್ಟ ಸಂಖ್ಯೆಗಳನ್ನೇ ಓದಿದೆ. ಅದೇ ಸಿಪಿಯುಇನ್ಫೊದ ಸಿಪಿಯು ಪಾರ್ಟ್ ಸಾಲಿನಲ್ಲಿ 0ಎಕ್ಸ್‌ಡಿ03 ಇದ್ದರೆ ಪ್ರೊಸೆಸರ್ ಕಾರ್ಟೆಕ್ಸ್ ಎ53, 0ಎಕ್ಸ್‌ಡಿ08 ಇದ್ದರೆ ಎ72. ಬೋರ್ಡಿನ ಹೆಸರಿರುವ ಡಿವೈಸ್ ಟ್ರೀಯ ಮಾಡೆಲ್ ಫೈಲಿನ ಕೊನೆಯಲ್ಲಿ ಒಂದು ನಲ್ ಬೈಟ್ (ಕಣ್ಣಿಗೆ ಕಾಣದ ಸೊನ್ನೆ ಬೈಟ್) ಇರುತ್ತದೆ. ಅದನ್ನು ಅಕ್ಷರ ಅಳಿಸುವ ಟಿಆರ್ ಕಮಾಂಡ್‌ನಿಂದ ತೆಗೆಯುವವರೆಗೂ, ಪಠ್ಯ ಹುಡುಕುವ ಗ್ರೆಪ್ ಕಮಾಂಡ್ ನನ್ನ ಪಟ್ಟಿಯನ್ನು ಬೈನರಿ ಫೈಲ್ ಎಂದೇ ತಿಳಿಯುತ್ತಿತ್ತು. ನಿಜವಾದ ಲಾಭ ಬಂದದ್ದು ಸಿಪಿಯುಇನ್ಫೊದ ರಿವಿಷನ್ ಸಾಲಿನಿಂದ. ಸಿ03111 ಎಂದರೆ 4 ಜಿಬಿಯ ಪೈ 4, ರಿವಿಷನ್ 1.1, ಸಿ03112 ಎಂದರೆ ಅದೇ ಬೋರ್ಡಿನ 1.2.

ಈ ಒಂದಂಕಿಯ ವ್ಯತ್ಯಾಸವೇ ಹಣದ ಲೆಕ್ಕವನ್ನು ಬದಲಿಸಿತು. ಕೆಲವು ಬೋರ್ಡ್‌ಗಳು ಆಗಾಗ ಪವರ್ ತೆಗೆದುಕೊಳ್ಳುವುದಿಲ್ಲವೆಂದು ಕೇಂದ್ರದವರು ಅಡಾಪ್ಟರ್‌ಗಳಿಗೆ ಹೆಚ್ಚುಕಡಿಮೆ ಎಂಟು ಸಾವಿರ ರೂಪಾಯಿ ಸುರಿದಿದ್ದರು. ಪಟ್ಟಿಯಲ್ಲಿ ನೋಡಿದರೆ ಅವೆಲ್ಲವೂ 1.1. ಆ ರಿವಿಷನ್‌ನಲ್ಲಿ ಯುಎಸ್‌ಬಿ-ಸಿಯ ಎರಡು ಸಿಸಿ ಪಿನ್‌ಗಳಿಗೆ (ಜೋಡಿಸಿದ ಸಾಧನ ಯಾವುದೆಂದು ಚಾರ್ಜರ್ ಗುರುತಿಸುವ ಪಿನ್‌ಗಳು) ಒಂದೇ ರೆಸಿಸ್ಟರ್ ಹಂಚಿದ್ದರಿಂದ, ಇ-ಮಾರ್ಕ್ ಚಿಪ್ (ಕೇಬಲಿನ ಸಾಮರ್ಥ್ಯ ತಿಳಿಸುವ ಚಿಪ್) ಇರುವ ಕೇಬಲ್ ಹಾಕಿದರೆ ಚಾರ್ಜರ್ ಬೋರ್ಡನ್ನು ಆಡಿಯೊ ಸಾಧನವೆಂದು ಭಾವಿಸಿ ವಿದ್ಯುತ್ತನ್ನೇ ಕೊಡುವುದಿಲ್ಲ. ನೂರೈವತ್ತು ರೂಪಾಯಿಯ ಸಾದಾ ಕೇಬಲ್ ಹಾಕಿದೊಡನೆ ಎಲ್ಲವೂ ಎದ್ದವು. ವಿವರ ಪತ್ತೆಹಚ್ಚುವ ಸಾಫ್ಟ್‌ವೇರಿಗೆ ವರ್ಷಕ್ಕೆ ಮೂವತ್ತು ಸಾವಿರ ಕೇಳಿದವರೊಬ್ಬರಿದ್ದರು; ನನ್ನ ಸ್ಕ್ರಿಪ್ಟ್ ಅರವತ್ತು ಸಾಲನ್ನೂ ದಾಟಿಲ್ಲ. ಎಲ್ಲ ಬೋರ್ಡ್‌ಗಳಿಂದ ಒಂದೇ ಏಟಿಗೆ ಉತ್ತರ ತರಿಸುವ ಭಾಗವನ್ನು ಮಾತ್ರ ಇಲ್ಲಿ ಕೊಡುತ್ತಿಲ್ಲ, ಅದರಿಂದಲೇ ನನಗೆ ಮುಂದಿನ ಕೆಲಸಗಳು ಸಿಗುತ್ತಿವೆ.

ಇದೇ ಸ್ಕ್ರಿಪ್ಟನ್ನು ಅಸೆಂಬಲ್ ಮಾಡಿದ ಡೆಸ್ಕ್‌ಟಾಪ್‌ಗಳ ಮೇಲೂ ಓಡಿಸಿದೆ. ಅಲ್ಲಿ ಡಿಎಂಐಡಿಕೋಡ್ ಓಡಿದರೂ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಸೀರಿಯಲ್ ಸಂಖ್ಯೆಯ ಜಾಗದಲ್ಲಿ 'ಟು ಬಿ ಫಿಲ್ಡ್ ಬೈ ಓಇಎಂ' (ತಯಾರಕರು ತುಂಬಬೇಕು) ಎಂದಷ್ಟೇ ಇದ್ದುದರಿಂದ, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸವನ್ನೇ (ಕಾರ್ಡಿಗೆ ಕೊಟ್ಟಿರುವ ಗುರುತಿನ ಸಂಖ್ಯೆ) ಗುರುತಾಗಿ ಹಿಡಿಯಬೇಕಾಯಿತು.